ಬಾವಿ ನೀರಿನ ವರದಿಯಲ್ಲಿ ಸೊನ್ನೆ ಬಂದರೆ

ಬಾವಿ ನೀರನ್ನು ಪರೀಕ್ಷೆಗೆ ಕೊಡುವ ಅಭ್ಯಾಸ ನಮ್ಮ ಒಕ್ಕಲು ಮನೆಗಳಲ್ಲಿ ಬೆಳೆಯುತ್ತಿರುವುದು ಸಂತೋಷದ ವಿಷಯ. ಆದರೆ ‘ಕೋಲಿಫಾರ್ಮ್: ಇಲ್ಲ’ ಎಂಬ ವರದಿ ಕೈಗೆ ಬಂದ ಮರುದಿನವೇ ನೀರು ಕುದಿಸುವುದನ್ನು ನಿಲ್ಲಿಸಿದ ಮನೆಗಳನ್ನೂ ಕಂಡಿದ್ದೇನೆ. ಬ್ಲೀಚಿಂಗ್ ಪುಡಿ ಹಾಕಿದ ಎರಡನೆಯ ದಿನ ತೆಗೆದ ನೀರಿನ ವರದಿಯನ್ನು ಭೂಮಿಯ ದಾಖಲೆಯಂತೆ ಪೆಟ್ಟಿಗೆಯಲ್ಲಿಟ್ಟು ವರ್ಷಗಟ್ಟಲೆ ನಂಬುವುದು ಸರಿಯಲ್ಲವೆಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣ ಪ್ರಯೋಗಾಲಯದ ಅಸಡ್ಡೆಯಲ್ಲ. ಬ್ಯಾಕ್ಟೀರಿಯಾಗಳ ಸ್ವಭಾವವೇ ಹಾಗಿದೆ.

ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾಗಳ ತಲೆಯನ್ನು ಯಾರೂ ನೇರವಾಗಿ ಎಣಿಸುವುದಿಲ್ಲ. ಅಗಾರ್ ಎಂಬ ಪದಾರ್ಥಕ್ಕೆ (ನಮ್ಮ ಹೆಂಗಸರು ಪುಡ್ಡಿಂಗಿಗೆ ಹಾಕುವ ಚೈನಾ ಗ್ರಾಸ್ ಅದೇ) ಪೋಷಕಾಂಶ ಬೆರೆಸಿ, ಗಾಜಿನ ತಟ್ಟೆಯಲ್ಲಿ ಹೆಪ್ಪುಗಟ್ಟಿಸಿ, ಅದರ ಮೇಲೆ ನೀರಿನ ಮಾದರಿಯನ್ನು ಹರಡುತ್ತಾರೆ. ಒಂದು ದಿನ ಬೆಚ್ಚಗೆ ಇಡುತ್ತಾರೆ. ಆರೋಗ್ಯವಾಗಿರುವ ಒಂದು ಇ. ಕೋಲಿ ಜೀವಕೋಶ ಅನುಕೂಲ ಸಿಕ್ಕಿದರೆ 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಏಳು ಗಂಟೆ ಕಳೆಯುವಾಗ ಅದರ ಸಂತಾನ 20 ಲಕ್ಷ ದಾಟುತ್ತದೆ. ಮರುದಿನ ಕಣ್ಣಿಗೆ ಕಾಣುವ ಚುಕ್ಕೆಯೇ ಕಾಲೊನಿ. ಚುಕ್ಕೆಗಳನ್ನು ಎಣಿಸಿ, ಇಷ್ಟು ನೀರಿನಲ್ಲಿ ಇಷ್ಟು ಬ್ಯಾಕ್ಟೀರಿಯಾ ಎಂದು ಬರೆಯುತ್ತಾರೆ.

ಈ ವಿಧಾನವನ್ನು ರೂಢಿಗೆ ತಂದವರು ಜರ್ಮನಿಯ ರಾಬರ್ಟ್ ಕೋಖ್. 1892ರಲ್ಲಿ ಹ್ಯಾಂಬರ್ಗ್ ನಗರದಲ್ಲಿ ಕಾಲರಾ ಬಂದು ಎಂಟು ಸಾವಿರಕ್ಕೂ ಹೆಚ್ಚು ಜನ ಸತ್ತರು. ಮಗ್ಗುಲಲ್ಲೇ ಇದ್ದ ಆಲ್ಟೋನಾ ಪಟ್ಟಣ ಅದೇ ನದಿಯ ನೀರನ್ನು ಮರಳಿನಲ್ಲಿ ಸೋಸಿ ಕುಡಿಯುತ್ತಿದ್ದುದರಿಂದ ಬಹುಮಟ್ಟಿಗೆ ಪಾರಾಯಿತು. ಸೋಸಿದ ನೀರಿನ ಒಂದು ಮಿಲಿಲೀಟರಿನಲ್ಲಿ 100ಕ್ಕಿಂತ ಹೆಚ್ಚು ಕಾಲೊನಿ ಬರಬಾರದೆಂದು ಕೋಖ್ ಹೇಳಿದರು. ಲಕ್ಷಾಂತರ ಜೀವ ಉಳಿಸಿದ ವಿಧಾನ ಇದು. ಅದನ್ನು ಹಳಿಯಲು ನಾನು ಹೊರಟಿಲ್ಲ.

ಆದರೆ ಇದರೊಳಗೆ ಒಂದು ಊಹೆ ಅಡಗಿದೆ: ಬದುಕಿರುವ ಬ್ಯಾಕ್ಟೀರಿಯಾ ತಟ್ಟೆಯಲ್ಲಿ ಬೆಳೆದೇ ಬೆಳೆಯುತ್ತದೆ ಎಂಬುದು. ಕ್ಲೋರಿನ್, ಬಿಸಿಲು, ಚಳಿ, ಹಸಿವು, ಉಪ್ಪು, ತಾಮ್ರ ಇವುಗಳ ಒತ್ತಡಕ್ಕೆ ಸಿಕ್ಕಿದ ಜೀವಕೋಶದ ಮಟ್ಟಿಗೆ ಈ ಊಹೆ ನಿಲ್ಲುವುದಿಲ್ಲ. ಅದರ ಹೊರಪೊರೆಗೆ ಪೆಟ್ಟಾಗಿರುತ್ತದೆ. ಅದು ಸತ್ತಿರುವುದಿಲ್ಲ, ಎರಡಾಗುವ ಶಕ್ತಿಯೂ ಇರುವುದಿಲ್ಲ. ಅದರ ಮೇಲೆ, ಬೇರೆ ಬ್ಯಾಕ್ಟೀರಿಯಾ ಬೆಳೆಯದಿರಲೆಂದು ಕೋಲಿಫಾರ್ಮ್ ಪರೀಕ್ಷೆಯ ಕೆಲವು ಮಾಧ್ಯಮಗಳಿಗೆ ಪಿತ್ತಲವಣ ಬೆರೆಸಿರುತ್ತಾರೆ. ಗಟ್ಟಿಮುಟ್ಟಾದ ಕೋಲಿಫಾರ್ಮ್ ಅದನ್ನು ತಡೆದುಕೊಳ್ಳುತ್ತದೆ, ಗಾಯಗೊಂಡದ್ದು ತಡೆಯಲಾರದು. ಜ್ವರ ಬಿಟ್ಟು ಎದ್ದವನನ್ನು ಅಂದೇ ಗದ್ದೆ ಉಳಲು ಕರೆದು, ಅವನು ಬಾರದಿದ್ದರೆ ಸತ್ತನೆಂದು ಬರೆದುಕೊಂಡ ಹಾಗಾಯಿತು.

ಈ ಲೋಪ ವಿಜ್ಞಾನಿಗಳಿಗೆ ಗೊತ್ತಿಲ್ಲದ್ದಲ್ಲ. ಕ್ಲೋರಿನ್ನಿನಿಂದ ಗಾಯಗೊಂಡ ಕೋಲಿಫಾರ್ಮ್‌ಗಳನ್ನು ಮೃದುವಾಗಿ ಬೆಳೆಸಿ ಎಣಿಸಲೆಂದೇ ಅಮೆರಿಕದ ಮೊಂಟಾನಾದಲ್ಲಿ ಒಂದು ಹೊಸ ಮಾಧ್ಯಮವನ್ನು ತಯಾರಿಸಿ 1983ರಲ್ಲಿ ಪ್ರಕಟಿಸಿದರು. ಅದಕ್ಕೆ ಒಂದು ವರ್ಷ ಮೊದಲು ರೀಟಾ ಕೋಲ್ವೆಲ್ ಅವರ ತಂಡ ಇನ್ನೂ ಮುಂದಿನ ಮಾತು ಹೇಳಿತ್ತು. ಕಾಲರಾದ ಬ್ಯಾಕ್ಟೀರಿಯಾ ನೀರಿನಲ್ಲಿ ಬದುಕಿದ್ದೂ ಯಾವ ತಟ್ಟೆಯಲ್ಲೂ ಬೆಳೆಯದ ಒಂದು ಬಗೆಯ ನಿದ್ರೆಗೆ ಹೋಗಬಲ್ಲದು ಎಂದು. ಇವು ನಿದ್ರಿಸುತ್ತಿರುವುವಲ್ಲ, ಸಾಯುವ ಹಾದಿಯಲ್ಲಿರುವುವು ಎಂದು ವಾದಿಸುವವರೂ ಇದ್ದಾರೆ. ಆ ವಾದ ಅವರಿಗಿರಲಿ. ಮನೆಯಲ್ಲಿ ಎಳೆಮಕ್ಕಳಿರುವವರು ಅದರ ತೀರ್ಪಿಗಾಗಿ ಕಾಯುತ್ತ ಕೂರಲಾಗದು.

ತಾಮ್ರದ ಚೆಂಬಿನ ಮಾತೂ ಇಲ್ಲೇ ಬರುತ್ತದೆ. ತಾಮ್ರದ ಪಾತ್ರೆಯಲ್ಲಿ ಇರಿಸಿದ ನೀರಿನ ಬಗ್ಗೆ 2011ರಲ್ಲಿ ನಮ್ಮ ದೇಶದ ಸಂಶೋಧಕರು ಸೇರಿದ್ದ ಒಂದು ಅಧ್ಯಯನ ಪ್ರಕಟವಾಯಿತು. ವಿಷಮಶೀತ ಜ್ವರದ ಮತ್ತು ಕಾಲರಾದ ಬ್ಯಾಕ್ಟೀರಿಯಾಗಳನ್ನು ತಾಮ್ರ ಕೊಲ್ಲುತ್ತದೆ ಎಂಬುದು ಅದರಲ್ಲಿ ಕಂಡುಬಂತು. ಹಿರಿಯರ ರೂಢಿ ಸುಳ್ಳಲ್ಲ. ಆದರೆ ಸಾಮಾನ್ಯ ತಟ್ಟೆಯಲ್ಲಿ ಎಣಿಸಿದಾಗ ಎಲ್ಲವೂ ಬೇಗನೆ ಸತ್ತಂತೆ ಕಂಡರೆ, ಗಾಯಗೊಂಡವುಗಳಿಗೂ ಬೆಳೆಯಲು ಆಸರೆ ಕೊಟ್ಟ ತಟ್ಟೆಯಲ್ಲಿ ಅವು ಇನ್ನೂ ಸ್ವಲ್ಪ ಹೊತ್ತು ಉಳಿದಿದ್ದವು. ಸಂಜೆ ತುಂಬಿಸಿ ರಾತ್ರಿ ಊಟಕ್ಕೆ ಕುಡಿಯುವವರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ತೋಟದ ವಿಷಯವೂ ಬೇರೆಯಲ್ಲ. ಅಡಿಕೆಯ ಕೊಳೆರೋಗಕ್ಕೆ ನಾವು ಹೊಡೆಯುವ ಮೈಲುತುತ್ತಿನಲ್ಲಿರುವುದೂ ತಾಮ್ರವೇ. ಬದನೆ, ಟೊಮೆಟೊ, ಶುಂಠಿ ಗಿಡಗಳನ್ನು ಹಸಿರಾಗಿರುವಾಗಲೇ ಸೊರಗಿಸುವ ಬ್ಯಾಕ್ಟೀರಿಯಾ ತಾಮ್ರ ತಾಗಿದಾಗ ಎಣಿಕೆಗೆ ಸಿಗದ ಸ್ಥಿತಿಗೆ ಹೋಗುತ್ತದೆಂದೂ ಮಣ್ಣಿನಲ್ಲಿ ಅದೇ ಸ್ಥಿತಿಯಲ್ಲಿ ಉಳಿಯಬಲ್ಲದೆಂದೂ 2001ರ ಒಂದು ಸಂಶೋಧನೆ ಹೇಳಿತು. ಸೊರಗು ರೋಗ ಬಂದ ಜಾಗದಲ್ಲಿ, ಮಣ್ಣಿನ ವರದಿ ಏನೇ ಹೇಳಲಿ, ಮುಂದಿನ ವರ್ಷ ಮತ್ತೆ ಶುಂಠಿ ಹಾಕಬೇಡಿರೆಂದು ನಾನು ಹೇಳುವುದು ಇದಕ್ಕೇ.

ಹಾಗಾದರೆ ಪರೀಕ್ಷೆ ವ್ಯರ್ಥವೇ? ಖಂಡಿತ ಅಲ್ಲ. ಭಾರತೀಯ ಮಾನಕ ಬ್ಯೂರೋದ ನಿಯಮದಂತೆ ಕುಡಿಯುವ ನೀರಿನ 100 ಮಿಲಿಲೀಟರಿನಲ್ಲಿ ಒಂದು ಇ. ಕೋಲಿಯೂ ಕಾಣಬಾರದು. ವರದಿಯಲ್ಲಿ ‘ಇದೆ’ ಎಂದು ಬಂದರೆ ನಂಬಿ, ಕೂಡಲೇ ಕಾರಣ ಹುಡುಕಿ. ಕಕ್ಕಸು ಗುಂಡಿಯೋ ಹಟ್ಟಿಯ ಗೊಬ್ಬರದ ಗುಂಡಿಯೋ ಬಾವಿಗೆ ತೀರ ಹತ್ತಿರ ಇರಬಹುದು. ನಮ್ಮ ಮುರಕಲ್ಲಿನ ನೆಲದಲ್ಲಿ ಕೊಳೆನೀರು ಬೇಗ ಇಳಿದು ಬರುತ್ತದೆ. ‘ಇಲ್ಲ’ ಎಂದು ಬಂದರೆ ಮಾತ್ರ, ಯಾವಾಗ ತೆಗೆದ ನೀರು ಎಂದು ಕೇಳಿಕೊಳ್ಳಿ. ಕ್ಲೋರಿನ್ನಿನ ವಾಸನೆ ಪೂರ್ತಿ ಹೋದ ಮೇಲೆ, ಬ್ಲೀಚಿಂಗ್ ಹಾಕಿ ಒಂದೆರಡು ವಾರ ಕಳೆದ ಮೇಲೆ ಒಮ್ಮೆ, ದೊಡ್ಡ ಮಳೆ ಬಿದ್ದ ನಂತರ ಇನ್ನೊಮ್ಮೆ ಕೊಡಿ. ಬಾಟಲಿಯನ್ನು ಪ್ರಯೋಗಾಲಯದಿಂದಲೇ ಕೇಳಿ ತನ್ನಿ. ಅದರಲ್ಲಿ ಉಳಿದ ಕ್ಲೋರಿನ್ನನ್ನು ಅಡಗಿಸುವ ಥಯೋಸಲ್ಫೇಟ್ ಇರಬೇಕು. ಇಲ್ಲವಾದರೆ ದಾರಿಯುದ್ದಕ್ಕೂ ಕ್ಲೋರಿನ್ ಕೆಲಸ ಮಾಡುತ್ತಲೇ ಇರುತ್ತದೆ, ಲೆಕ್ಕ ತಪ್ಪುತ್ತದೆ. ಮಾದರಿಯನ್ನು ಮಂಜುಗಡ್ಡೆಯಲ್ಲಿಟ್ಟು, ಸಾಧ್ಯವಾದರೆ ಆರು ಗಂಟೆಯೊಳಗೆ ತಲುಪಿಸಿ. ಹಬ್ಬದ ಊಟಕ್ಕೋ ಮದುವೆಗೋ ನೀರು ಎತ್ತುವ ಬಾವಿಯಾದರೆ ಒಂದೇ ವರದಿಯನ್ನು ನೆಚ್ಚಬೇಡಿ.

ಬ್ಲೀಚಿಂಗನ್ನೂ ಕಣ್ಣಳತೆಯಲ್ಲಿ ಹಾಕಬಾರದು. ಕಡಿಮೆಯಾದರೆ ಬ್ಯಾಕ್ಟೀರಿಯಾ ಸಾಯದೆ ಗಾಯಗೊಳ್ಳುತ್ತದೆ, ಅಷ್ಟೆ. ಸಾವಿರ ಲೀಟರಿಗೆ ಒಳ್ಳೆಯ ಪುಡಿ ಸುಮಾರು ಎರಡೂವರೆ ಗ್ರಾಂ ಬೇಕು. ಎರಡು ಮೀಟರ್ ಅಗಲದ ದುಂಡು ಬಾವಿಯಲ್ಲಿ ನಾಲ್ಕು ಮೀಟರ್ ನೀರಿದ್ದರೆ ಅದು ಹನ್ನೆರಡೂವರೆ ಸಾವಿರ ಲೀಟರ್. ಪುಡಿ 31 ಗ್ರಾಂ. ಬಾಯಿ ತೆರೆದಿಟ್ಟ ಪೊಟ್ಟಣದ ಪುಡಿಗೆ ಶಕ್ತಿ ಇರುವುದಿಲ್ಲ. ಹಾಕಿದ ಮೇಲೆ ಒಂದು ಗಂಟೆ ನೀರು ಸೇದಬೇಡಿ. ಕುಡಿಯುವ ನೀರನ್ನು ಆಮೇಲೂ ಕುದಿಸಿ: ಬರೇ ಬಿಸಿಯಾದರೆ ಸಾಲದು, ಗುಳ್ಳೆಗಳು ಉಕ್ಕಿ ಏಳಲು ತೊಡಗಿದ ಮೇಲೆ ಪೂರ್ತಿ ಒಂದು ನಿಮಿಷ ಒಲೆಯ ಮೇಲೆಯೇ ಇರಲಿ.