ತಮಟೆಯ ನಾದವೂ ತಮಟೆಯವರ ಮಾನವೂ

ಜಾತ್ರೆಯಲ್ಲಿ ತಮಟೆಯ ಪೆಟ್ಟು ಬಿದ್ದೊಡನೆ ತರುಣರೆಲ್ಲರೂ ಜಾತಿಭೇದವನ್ನು ಮರೆತು ಕುಣಿಯುವರಾದ್ದರಿಂದ, ಕಲೆಯೇ ಅಸ್ಪೃಶ್ಯತೆಯನ್ನು ಕಳೆಯುವುದೆಂದೂ ಬೇರೆ ಪ್ರಯತ್ನವು ಅನಾವಶ್ಯಕವೆಂದೂ ವಾದಿಸುವ ಮಹನೀಯರು ಮಂಡ್ಯ ಜಿಲ್ಲೆಯಲ್ಲಿ ಇಲ್ಲದಿಲ್ಲ. ಈ ಮಾತು ಕಿವಿಗೆ ಇಂಪು, ವಿಚಾರಕ್ಕೆ ನಿಲ್ಲದು.

ಪರದೇಶದ ಒಂದು ನಿದರ್ಶನವನ್ನು ನೋಡಬಹುದು. ಜಮೈಕಾ ದ್ವೀಪದಿಂದ ದುಡಿಮೆಗಾಗಿ ಇಂಗ್ಲೆಂಡಿಗೆ ಹೋದ ಕಪ್ಪು ಜನರು ತಮ್ಮ ಸಂಗೀತವನ್ನೂ ಜೊತೆಗೆ ಕೊಂಡೊಯ್ದರು. 1960ರ ದಶಕದ ಕೊನೆಗೆ ಅದಕ್ಕೆ ರೆಗ್ಗೆ ಎಂಬ ಹೆಸರಾಯಿತು. ತಲೆಗೂದಲನ್ನು ಬುಡಕ್ಕೆ ಕತ್ತರಿಸಿ ದಪ್ಪ ಬೂಟುಗಳನ್ನು ಮೆಟ್ಟಿ ತಿರುಗುತ್ತಿದ್ದ, ಸ್ಕಿನ್‌ಹೆಡ್ ಎನ್ನಿಸಿಕೊಂಡ ಬಿಳಿಯ ಕಾರ್ಮಿಕರ ಮಕ್ಕಳು ಅದಕ್ಕೆ ಮನಸೋತರು. 1969ರಲ್ಲಿ ಜಮೈಕಾದ ಡೆಸ್ಮಂಡ್ ಡೆಕ್ಕರನ ಹಾಡು ಆ ದೇಶದ ಮಾರಾಟದ ಪಟ್ಟಿಯಲ್ಲಿ ಪ್ರಥಮಸ್ಥಾನಕ್ಕೇರಿತು. ಆದರೆ ಆ ಕಾಲದಲ್ಲಿಯೇ ಆ ತರುಣರಲ್ಲಿ ಕೆಲವರು ಪಾಕಿಸ್ತಾನ, ಭಾರತಗಳಿಂದ ಬಂದವರನ್ನು ಬೀದಿಯಲ್ಲಿ ಹಿಡಿದು ಹೊಡೆದರು. 1970ರ ದಶಕದ ಕೊನೆಗೆ ಅದೇ ವೇಷದ ಅನೇಕರು ವಲಸೆಗಾರರನ್ನು ಹೊರಗಟ್ಟಬೇಕೆನ್ನುವ ನ್ಯಾಷನಲ್ ಫ್ರಂಟ್ ಪಕ್ಷದ ಪತಾಕೆಯ ಕೆಳಗೆ ನಿಂತರು. ಇದನ್ನು ವಿರೋಧಿಸಿದ ಸ್ಕಿನ್‌ಹೆಡ್ಡರೂ ಇದ್ದರು. ವರ್ಣದ್ವೇಷದ ವಿರುದ್ಧ ಅವರು 1987ರಲ್ಲಿ ನ್ಯೂಯಾರ್ಕಿನಲ್ಲಿ ಸಂಘವನ್ನೇ ಕಟ್ಟಿದರು. ಹಾಡು ತಾನಾಗಿ ಮಾಡದ ಕೆಲಸಕ್ಕೆ ಸಂಘವು ಬೇಕಾಯಿತು ಎಂಬುದೇ ಇಲ್ಲಿಯ ಪಾಠವು. ಕಾಲಿಗೆ ತಾಳ ಹತ್ತಿದ ಮಾತ್ರಕ್ಕೆ ಮನಸ್ಸಿಗೆ ಮೈತ್ರಿ ಹತ್ತದು.

ಇನ್ನು ಈ ಸೀಮೆಯ ಸಂಗತಿ. ಶ್ರೀರಂಗಪಟ್ಟಣದ ದಸರೆಯು ಕಿರಂಗೂರಿನ ಬನ್ನಿಮಂಟಪದಿಂದ ಹೊರಡುವಾಗಲೂ, ನಾಗಮಂಗಲದ ಕಡೆ ಸೋಮನು ಕುಣಿಯುವಾಗಲೂ, ಕೃಷ್ಣರಾಜಪೇಟೆಯ ಹಳ್ಳಿಗಳಲ್ಲಿ ಊರಹಬ್ಬವು ನಡೆಯುವಾಗಲೂ ಚರ್ಮವಾದ್ಯವಿಲ್ಲದೆ ಕಳೆಯಿಲ್ಲ. ಬೆಂಕಿಗೆ ಕಾಯಿಸಿ ತಮಟೆಯನ್ನು ಹದಗೊಳಿಸುವ ಕೈಗಳು ಬಹುಮಟ್ಟಿಗೆ ದಲಿತರವು. ದೇವರು ಗುಡಿದುಂಬಿದ ಬಳಿಕ ಆ ಕೈಗಳಿಗೆ ತೀರ್ಥವೆಲ್ಲಿ, ಎಲೆಯೆಲ್ಲಿ? ಹೊಸ್ತಿಲಿನಾಚೆಯೇ ಅವರ ಸ್ಥಾನವೆಂದು ತಿಳಿದ ಊರುಗಳು ಇಂದಿಗೂ ಅಳಿದಿಲ್ಲ.

ಚರ್ಮವು ಅಶುಚಿಯೆಂದು ಕೆಲವರು ಶಾಸ್ತ್ರದ ಮರೆಹೊಗುವರು. ಭರತಮುನಿಯ ನಾಟ್ಯಶಾಸ್ತ್ರವು ವಾದ್ಯಗಳನ್ನು ತತ, ಅವನದ್ಧ, ಘನ, ಸುಷಿರವೆಂದು ನಾಲ್ಕಾಗಿ ವಿಭಾಗಿಸಿದೆ. ಚರ್ಮವನ್ನು ಬಿಗಿದದ್ದೆಲ್ಲವೂ ಅವನದ್ಧವೇ. ಹೀಗಿರಲು ಮೃದಂಗವೂ ತಮಟೆಯೂ ಒಂದೇ ಪಂಕ್ತಿಯವು. ಮೃದಂಗದ ಚರ್ಮವು ಸಭೆಗೆ ಶುಚಿ, ತಮಟೆಯ ಚರ್ಮವು ಗುಡಿಗೆ ಅಶುಚಿ ಎಂಬುದು ಶಾಸ್ತ್ರವಲ್ಲ, ಸ್ವಾರ್ಥವು.

ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ರಾಮಾನುಜಾಚಾರ್ಯರು ತಿರುಕುಲದವರಿಗೆ ವರ್ಷಕ್ಕೆ ಮೂರು ದಿನ ದೇವಾಲಯಪ್ರವೇಶವನ್ನು ಕೊಟ್ಟರೆಂದು ಪರಂಪರೆಯು ಹೇಳುತ್ತದೆ. ಬಾಗಿಲಲ್ಲಿ ನಿಂತು ಬಾರಿಸಿ ಹೋಗಿರೆಂದು ಅವರು ಹೇಳಲಿಲ್ಲ. 1950ರಲ್ಲಿ ಜಾರಿಗೆ ಬಂದ ಸಂವಿಧಾನವು ತನ್ನ 17ನೆಯ ವಿಧಿಯಿಂದ ಅಸ್ಪೃಶ್ಯತೆಯನ್ನೇ ತೊಡೆದುಹಾಕಿತು. ಆಚಾರ್ಯರ ಮೂರು ದಿನಗಳು ವರ್ಷದ ಎಲ್ಲ ದಿನಗಳೂ ಆದವು.

ಆದುದರಿಂದ ಜಾತ್ರೆಗಳ ಯಜಮಾನರು ಮಾಡಬೇಕಾದುದು ಸ್ಪಷ್ಟವಾಗಿದೆ. ಆಹ್ವಾನಪತ್ರಿಕೆಯಲ್ಲಿ ನಾಗಸ್ವರದವರ ಹೆಸರಿನೊಡನೆ ತಮಟೆಯವರ ಹೆಸರೂ ಅಚ್ಚಾಗಲಿ. ಸಂಭಾವನೆಯನ್ನು ಮೊದಲೇ ಗೊತ್ತುಮಾಡಿ ಮರ್ಯಾದೆಯಿಂದ ಕೊಡಲಿ. ಗರ್ಭಗುಡಿಯ ಮುಂದೆ ಎಲ್ಲರೊಡನೆ ಅವರಿಗೂ ತೀರ್ಥವು ದೊರೆಯಲಿ. ಊಟಕ್ಕೆ ಒಂದೇ ಪಂಕ್ತಿಯಾಗಲಿ. ಇಷ್ಟನ್ನು ಮಾಡಲಾರದವರು ತಮಟೆಯನ್ನು ಕರೆಸದಿರಲಿ, ಮೌನದಲ್ಲಿಯೇ ರಥವನ್ನೆಳೆಯಲಿ. ಆಗ ಊರಿಗೆ ತಮಟೆಯವರ ಬೆಲೆಯು ತಿಳಿದೀತು.