ಗಣಕ ಬಳಕೆದಾರರ ಸಂಘಕ್ಕೆ ಇನ್ನೂ ಕೆಲಸವುಂಟೆ?

ಸಂಘಗಳು ಹುಟ್ಟುವುದು ಕೊರತೆಯಿಂದ. ಸಾಲ ದೊರೆಯದೆ ರೈತರು ಬಡ್ಡಿಯ ಬಾಯಿಗೆ ಬಿದ್ದಿದ್ದ ಕಾಲದಲ್ಲಿ, 1905ರಲ್ಲಿ, ಗದಗಿನ ಬಳಿಯ ಕಣಗಿನಹಾಳದಲ್ಲಿ ಸಹಕಾರ ಸಂಘ ಹುಟ್ಟಿತು. ಪುಸ್ತಕ ಕೊಳ್ಳುವ ಶಕ್ತಿಯಿಲ್ಲದವರು ಕೂಡಿಕೊಂಡಲ್ಲಿ ವಾಚನಾಲಯಗಳು ಹುಟ್ಟಿದುವು. ಹಾಗೆಯೇ ಗಣಕಯಂತ್ರವು ಮನೆಯ ಬಾಗಿಲಿಗೆ ಹೊಸದಾಗಿ ಬಂದು ನಿಂತಾಗ, ಅದನ್ನು ನಡೆಸುವ ತಿಳಿವಳಿಕೆ ಯಾವ ಅಂಗಡಿಯಲ್ಲಿಯೂ ದೊರೆಯದಿದ್ದುದರಿಂದ, ಬಳಕೆದಾರರ ಸಂಘಗಳು ಹುಟ್ಟಿದುವು. ಈಗ ಆ ಯಂತ್ರ ಅಂಗೈಗೆ ಇಳಿದಿದೆ. ಕೇಳಿದ್ದಕ್ಕೆಲ್ಲ ತಾನೇ ಉತ್ತರ ಕೊಡುತ್ತದೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂದು ಜನ ಕೇಳುವುದು ಸಹಜ. ಆದರೆ ನಾವು ಹೊಳೆಯನ್ನು ನಿಜವಾಗಿ ದಾಟಿದ್ದೇವೆಯೆ ಎಂಬುದನ್ನು ಮೊದಲು ನೋಡಬೇಕಾಗಿದೆ.

ಈ ಸಂಘಗಳ ಪೈಕಿ ಬಹು ಪ್ರಸಿದ್ಧವಾದುದು ಅಮೆರಿಕದ ಹೋಮ್‌ಬ್ರೂ ಕಂಪ್ಯೂಟರ್ ಕ್ಲಬ್. 1975ರ ಮಾರ್ಚ್ 5ರಂದು ಕ್ಯಾಲಿಫೋರ್ನಿಯದ ಮೆನ್ಲೊ ಪಾರ್ಕಿನಲ್ಲಿ, ಗಾರ್ಡನ್ ಫ್ರೆಂಚ್ ಎಂಬವರ ಮನೆಯ ಕಾರುಕೊಟ್ಟಿಗೆಯಲ್ಲಿ, ಸುಮಾರು ಮೂವತ್ತು ಜನ ಸೇರಿದ್ದರು. ಆ ವರ್ಷದ ಜನವರಿಯಲ್ಲಿ ಆಲ್ಟೇರ್ 8800 ಎಂಬ ಯಂತ್ರದ ಸುದ್ದಿ ಪತ್ರಿಕೆಯೊಂದರ ಮುಖಪುಟದಲ್ಲಿ ಬಂದಿತ್ತು. ಅದರ ಬೆಲೆ ಸುಮಾರು 400 ಡಾಲರು. ಅದು ಬರುತ್ತಿದ್ದುದು ಬಿಡಿಭಾಗಗಳಾಗಿ. ಬೆಸುಗೆ ಹಾಕಿ ಕೂಡಿಸಿದ ಮೇಲೂ ಅದಕ್ಕೆ ಕೀಲಿಮಣೆಯಿಲ್ಲ, ಪರದೆಯಿಲ್ಲ. ಮುಂಭಾಗದ ಗುಂಡಿಗಳನ್ನು ಮೇಲೆ ಕೆಳಗೆ ಮಾಡಬೇಕು, ಮಿನುಗುವ ದೀಪಗಳನ್ನು ನೋಡಿ ಉತ್ತರವನ್ನು ಊಹಿಸಿಕೊಳ್ಳಬೇಕು. ಇಂಥದನ್ನು ಒಬ್ಬನೇ ಕುಳಿತು ಪಳಗಿಸುವುದು ಕಷ್ಟ. ಆದುದರಿಂದ ಸಂಘ ಬೇಕಾಯಿತು.

ಆ ಸಂಘದ ಸಭೆ ನಡೆಯುತ್ತಿದ್ದ ಕ್ರಮವನ್ನು ನಮ್ಮ ಸಂಘಸಂಸ್ಥೆಗಳವರು ಲಕ್ಷ್ಯವಿಟ್ಟು ನೋಡಬೇಕು. ಲೀ ಫೆಲ್ಸೆನ್‌ಸ್ಟೈನ್ ಎಂಬವರು ಸಭೆಯನ್ನು ಎರಡು ಭಾಗ ಮಾಡಿದ್ದರು. ಮೊದಲ ಭಾಗದಲ್ಲಿ ಒಬ್ಬೊಬ್ಬರೇ ಎದ್ದು, ತಮ್ಮಲ್ಲಿ ಏನಿದೆ, ತಮಗೇನು ಬೇಕಾಗಿದೆ, ಎಲ್ಲಿ ತೊಡಕಾಗಿದೆ ಎಂದು ಚಿಕ್ಕದಾಗಿ ಹೇಳಬೇಕು. ಎರಡನೆಯ ಭಾಗದಲ್ಲಿ ಎಲ್ಲರೂ ಕುರ್ಚಿ ಬಿಟ್ಟೇಳಬೇಕು. ಬೇಕಾದವನು ಇದ್ದವನನ್ನು ಹುಡುಕಿಕೊಂಡು ಹೋಗಬೇಕು. ಅಧ್ಯಕ್ಷ ಭಾಷಣ, ಹಾರತುರಾಯಿ, ವಂದನಾರ್ಪಣೆ ಇವುಗಳಲ್ಲಿ ಕಾಲ ಕಳೆಯುವ ನಮಗೆ ಇದು ವಿಚಿತ್ರವಾಗಿ ತೋರೀತು. ಆದರೆ ಮೊದಲ ಸಭೆಗೆ ಬಂದಿದ್ದ ಸ್ಟೀವ್ ವಾಜ್ನಿಯಾಕ್ ಎಂಬ ತರುಣ, ಅಲ್ಲಿ ಕಂಡು ಕೇಳಿದುದರಿಂದ ಪ್ರೇರಿತನಾಗಿ ತನ್ನ ಯಂತ್ರವನ್ನು ರೂಪಿಸಿದ. ಅದರ ನಕ್ಷೆಯನ್ನು ಸದಸ್ಯರಿಗೆಲ್ಲ ಪುಕ್ಕಟೆ ಹಂಚಿದ. ಅದೇ 1976ರ ಆ್ಯಪಲ್ ಯಂತ್ರ. ಇಂದು ಅದೇ ಸಂಸ್ಥೆಯ ಫೋನನ್ನು ಬಿಚ್ಚಿ ನೋಡಲು ಸಾಮಾನ್ಯ ತಿರುಪುಳಿಯೂ ಸಾಲದು. ಕೊಟ್ಟು ಕೊಳ್ಳುವ ಸಭೆಯಲ್ಲಿ ಹುಟ್ಟಿದ ವಸ್ತು ಮುಚ್ಚಿದ ಪೆಟ್ಟಿಗೆಯಾಗಿ ಬೆಳೆದದ್ದು ಈ ಕಾಲದ ವಿಪರ್ಯಾಸಗಳಲ್ಲಿ ಒಂದು.

ಹೋಮ್‌ಬ್ರೂ 1986ರಲ್ಲಿ ನಿಂತುಹೋಯಿತು. ಇನ್ನೂ ದೊಡ್ಡದಾಗಿ ಬೆಳೆದದ್ದು ಬಾಸ್ಟನ್ ಕಂಪ್ಯೂಟರ್ ಸೊಸೈಟಿ. ಜಾನಥನ್ ರೋಟೆನ್‌ಬರ್ಗ್ ಎಂಬ ಹದಿಮೂರು ವರ್ಷದ ಹುಡುಗ 1977ರಲ್ಲಿ ಅದಕ್ಕೆ ಅಡಿಗಲ್ಲನ್ನಿಟ್ಟ. ಅದು ಬೆಳೆದು ಮೂವತ್ತು ಸಾವಿರಕ್ಕೂ ಮಿಕ್ಕು ಸದಸ್ಯರನ್ನು ಪಡೆಯಿತು. ಒಂದೊಂದು ಬಗೆಯ ಯಂತ್ರಕ್ಕೂ ಒಂದೊಂದು ಉಪಸಂಘ ಏರ್ಪಟ್ಟಿತು. ದೊಡ್ಡ ದೊಡ್ಡ ವ್ಯಾಪಾರಸಂಸ್ಥೆಗಳು ತಮ್ಮ ಹೊಸ ಸರಕನ್ನು ಅದರ ವೇದಿಕೆಯ ಮೇಲೆ ತಂದು ತೋರಿಸಿದುವು. ಅಷ್ಟು ದೊಡ್ಡ ಸಂಘ 1996ರಲ್ಲಿ ಬಾಗಿಲು ಮುಚ್ಚಿತು. ಆ ವೇಳೆಗೆ ಯಂತ್ರಗಳ ವೈವಿಧ್ಯ ಅಳಿದು ಎಲ್ಲೆಲ್ಲೂ ವಿಂಡೋಸೇ ಆಗಿತ್ತು. ಸುದ್ದಿಯೂ ಸಲಹೆಯೂ ಅಂತರಜಾಲದಲ್ಲಿ ಸಿಗತೊಡಗಿದ್ದುವು. ಯಂತ್ರವನ್ನೂ ಸುದ್ದಿಯನ್ನೂ ನೆಚ್ಚಿ ನಿಂತ ಸಂಘವು ಅವೆರಡೂ ಬೇರೆ ದಾರಿ ಹಿಡಿದಾಗ ಉಳಿಯುವುದು ಕಷ್ಟವೆಂಬುದೇ ಇದರಿಂದ ನಾವು ಕಲಿಯಬೇಕಾದುದು.

ನಮ್ಮಲ್ಲಿಯೂ ಇಂಥ ಏಳುಬೀಳು ನಡೆದಿದೆ. ಬೆಂಗಳೂರಿನ ಲಿನಕ್ಸ್ ಬಳಕೆದಾರರು ತಾವೇ ಕೂಡಿ 2001ರಲ್ಲಿ ಆರಂಭಿಸಿದ ಸಮ್ಮೇಳನವು 2005ರಲ್ಲಿ ಫಾಸ್.ಇನ್ ಎಂಬ ಹೆಸರು ತಳೆದು, ದೇಶದೇಶಗಳ ಪರಿಣತರನ್ನು ಕರೆಸಿಕೊಂಡು, 2012ರಲ್ಲಿ ಕೊನೆಗೊಂಡಿತು. ಆದರೆ ಕನ್ನಡಿಗರಿಗೆ ಈ ಬಗೆಯ ಸಂಘಟನೆಯಿಂದಾದ ಉಪಕಾರ ಇದಕ್ಕಿಂತ ಹಿಂದಿನದು, ಹತ್ತಿರದ್ದು. ಗಣಕದಲ್ಲಿ ಕನ್ನಡವನ್ನು ಕಾಣಬೇಕೆಂಬ ಹಂಬಲದಿಂದ ಕೆ. ಪಿ. ರಾವ್ ಅವರು ಕೀಲಿಮಣೆಯ ವಿನ್ಯಾಸವನ್ನು ರೂಪಿಸಿಕೊಟ್ಟರು. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಬಂದಿತು. ಕನ್ನಡ ಗಣಕ ಪರಿಷತ್ತು ‘ನುಡಿ’ಯನ್ನು ಸಿದ್ಧಪಡಿಸಿತು. ನಮ್ಮ ಲಿಪಿಗಾಗಿ ದೊಡ್ಡ ಕಂಪನಿಗಳು ಕಾದು ಕುಳಿತಿರಲಿಲ್ಲ. ಬೇಕಾದವರೇ ಎದ್ದು ಮಾಡಿಕೊಂಡರು.

ಮುಂದೆ ನಡೆದುದನ್ನೂ ನೆನೆಯಬೇಕು. ಆಗಿನ ಕನ್ನಡ ಫಾಂಟುಗಳಲ್ಲಿ ನಮ್ಮ ಅಕ್ಷರದ ತುಣುಕುಗಳನ್ನು ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸ್ಥಾನದಲ್ಲಿ ಕೂರಿಸಿದ್ದರು; ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಕಾಣುವುದು ಅರ್ಥವಿಲ್ಲದ ಗೊಂದಲ. 1991ರಲ್ಲಿಯೇ ಯೂನಿಕೋಡ್ ಸಂಕೇತ ಪಟ್ಟಿಯಲ್ಲಿ ಕನ್ನಡಕ್ಕೆ ಸ್ಥಾನ ದೊರೆತಿದ್ದರೂ ಅದು ಬಳಕೆಗೆ ಬರಲು ಬಹುಕಾಲ ಹಿಡಿಯಿತು. ಈ ನಡುವೆ ಬೆರಳಚ್ಚಾದ ಪ್ರಬಂಧಗಳು, ಕಥೆ ಕಾದಂಬರಿಗಳ ಹಸ್ತಪ್ರತಿಗಳು, ಊರಿನ ಚರಿತ್ರೆಯ ಟಿಪ್ಪಣಿಗಳು ಎಷ್ಟು ಮನೆಗಳ ಹಳೆಯ ಯಂತ್ರಗಳಲ್ಲಿ ಮೂಕವಾಗಿ ಕುಳಿತಿವೆಯೋ! ಅವನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳು ಇವೆ. ಆದರೆ ನಿವೃತ್ತರಾದ ಕನ್ನಡ ಅಧ್ಯಾಪಕರೊಬ್ಬರಿಗೆ ತಮ್ಮ ಬರಹ ನಾಶವಾಗಿಲ್ಲ, ವೇಷ ಮರೆಸಿಕೊಂಡಿದೆ ಅಷ್ಟೆ ಎಂದು ಹೇಳುವವರಾರು? ಪ್ರಶ್ನೆಯನ್ನು ಹೇಗೆ ಕೇಳಬೇಕೆಂದು ತಿಳಿಯದವನಿಗೆ ಅಂಗೈಯ ಸರ್ವಜ್ಞ ಯಂತ್ರವೂ ಉತ್ತರ ಕೊಡಲಾರದು. ಪಕ್ಕದಲ್ಲಿ ಕುಳಿತು, ‘ತೋರಿಸಿ, ನೋಡೋಣ’ ಎನ್ನುವ ಒಬ್ಬ ಮನುಷ್ಯ ಬೇಕು.

ಕೊರತೆ ನೀಗಲಿಲ್ಲ, ರೂಪ ಬದಲಿಸಿತು ಎಂದು ನಾವು ಹೇಳುವುದು ಈ ಅರ್ಥದಲ್ಲಿ. ಯಂತ್ರವನ್ನು ನಡೆಸುವುದು ಅಂದಿನ ಕಷ್ಟವಾಗಿತ್ತು. ಇಂದು ಯಂತ್ರವೇ ನಮ್ಮನ್ನು ನಡೆಸಿಕೊಂಡು ಹೋಗದಂತೆ ನೋಡಿಕೊಳ್ಳುವುದು ಕಷ್ಟವಾಗಿದೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿಯಿತು. ಅದರ ಮುಂದಿನದಾದ ವಿಂಡೋಸ್ 11 ಹಳೆಯ ಅನೇಕ ಯಂತ್ರಗಳನ್ನು ಅಧಿಕೃತವಾಗಿ ಒಪ್ಪುವುದಿಲ್ಲ; ನಿರ್ದಿಷ್ಟ ಭದ್ರತಾ ಚಿಪ್ಪು ಬೇಕು, ಹೊಸ ಪೀಳಿಗೆಯ ಸಂಸ್ಕಾರಕ ಬೇಕು. ಕೆಲಸ ಮಾಡುತ್ತಿರುವ ಯಂತ್ರವನ್ನು ಮುದಿಯೆಂದು ಸಾರಿದವರು ಅದನ್ನು ಬಳಸುವವರಲ್ಲ, ಮಾರುವವರು. ಶಾಲೆಯೊಂದರ ಹತ್ತು ಯಂತ್ರಗಳನ್ನು ಗುಜರಿಗೆ ಹಾಕಬೇಕೆ, ಲಿನಕ್ಸ್ ಹಾಕಿ ಇನ್ನೈದು ವರ್ಷ ದುಡಿಸಬಹುದೆ ಎಂಬ ಪ್ರಶ್ನೆಗೆ ಅಂಗಡಿಯವನು ಕೊಡುವ ಉತ್ತರ ನಮಗೆ ಗೊತ್ತೇ ಇದೆ. ಅದನ್ನು ನಿಷ್ಪಕ್ಷಪಾತವಾಗಿ ತೂಗಿ ಹೇಳಬಲ್ಲ ಬಳಕೆದಾರರು ಊರಿಗೆ ನಾಲ್ವರಾದರೂ ಇರಬೇಡವೆ? ಪೊಲೀಸರ ವೇಷದಲ್ಲಿ ವಿಡಿಯೋ ಕರೆ ಮಾಡಿ ‘ಡಿಜಿಟಲ್ ಬಂಧನ’ದ ಹೆಸರಿನಲ್ಲಿ ವೃದ್ಧರ ಉಳಿತಾಯವನ್ನು ದೋಚುವ ಈ ಕಾಲದಲ್ಲಿ, ಧೈರ್ಯವಾಗಿ ಹೋಗಿ ಕೇಳಬಹುದಾದ ಪರಿಚಯದ ಮುಖವೊಂದಿದ್ದರೆ ಎಷ್ಟೋ ಮನೆಗಳು ಉಳಿದಾವು.

ಹಾಗಾದರೆ ಇಂದಿನ ಸಂಘ ನಡೆಯಬೇಕಾದ ಬಗೆ ಹೇಗೆ? ಒಂದು ಯಂತ್ರದ, ಒಂದು ಕಂಪನಿಯ ಹೆಸರಿಗೆ ಅದು ಗಂಟುಬೀಳಬಾರದು. ಮಾರಾಟಗಾರರ ಪ್ರದರ್ಶನಕ್ಕೆ ಚಪ್ಪರ ಹಾಕಿಕೊಡಬಾರದು. ಅವರ ಕಾಫಿ ತಿಂಡಿ ರುಚಿಯಾಗಿರುತ್ತದೆ, ಆದರೆ ಅದನ್ನು ತಿಂದ ಬಾಯಿಂದ ವಿಮರ್ಶೆ ಹೊರಡುವುದು ಕಷ್ಟ. ಉಪನ್ಯಾಸ ಕಡಿಮೆಯಾಗಬೇಕು, ‘ಏನಿದೆ, ಏನು ಬೇಕು’ ಎಂಬ ಮೆನ್ಲೊ ಪಾರ್ಕಿನ ಪದ್ಧತಿ ಮರಳಿ ಬರಬೇಕು. 2009ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಮಾರ್ಟೀನ್ ಪೋಸ್ಟ್ಮಾ ಅವರು ಆರಂಭಿಸಿದ ರಿಪೇರಿ ಕೆಫೆಗಳು ಹಲವು ದೇಶಗಳಿಗೆ ಹಬ್ಬಿರುವುದು ಇಂಥ ಕೂಟಗಳಿಗೆ ಇನ್ನೂ ಜೀವವಿದೆಯೆಂಬುದಕ್ಕೆ ಸಾಕ್ಷಿ. ಎಲ್ಲಕ್ಕಿಂತ ಮುಖ್ಯವಾಗಿ, ಕಾರ್ಯದರ್ಶಿಯೊಬ್ಬನೇ ಇಪ್ಪತ್ತು ವರ್ಷ ದುಡಿದು, ಅವನು ಹಾಸಿಗೆ ಹಿಡಿದಂದು ಸಂಘವೂ ಹಾಸಿಗೆ ಹಿಡಿಯುವ ನಮ್ಮ ಹಳೆಯ ರೋಗ ಇಲ್ಲಿಗೆ ಅಂಟಬಾರದು. ಅಮೆರಿಕದಲ್ಲಿ ಉಳಿದಿರುವ ಇಂಥ ಸಂಘಗಳಲ್ಲಿ ಇಂದು ಬಹುಮಂದಿ ನಿವೃತ್ತರೇ ಇದ್ದಾರೆ. ಅವರ ಪಾಂಡಿತ್ಯಕ್ಕೆ ಕೊರತೆಯಿಲ್ಲ, ಉತ್ತರಾಧಿಕಾರಿಗಳಿಗೆ ಕೊರತೆ.

ಈ ಮಾತನ್ನು ಕಾಲೇಜಿನ ವಿದ್ಯಾರ್ಥಿಗಳೂ ಅಧ್ಯಾಪಕರೂ ಮನಸ್ಸಿಗೆ ತಂದುಕೊಳ್ಳಬೇಕೆಂದು ನಮ್ಮ ವಿನಂತಿ. ತಿಂಗಳಿಗೊಂದು ಭಾನುವಾರ, ಊರಿನ ಗ್ರಂಥಾಲಯದ ಒಂದು ಕೊಠಡಿ, ನಾಲ್ಕು ಕುರ್ಚಿ, ಒಂದು ತಿರುಪುಳಿ, ಒಂದಿಷ್ಟು ತಾಳ್ಮೆ ಇಷ್ಟಿದ್ದರೆ ಪ್ರಾರಂಭಕ್ಕೆ ಸಾಕು. ಮೊದಲ ದಿನ ಹಳೆಯ ‘ನುಡಿ’ ಕಡತವೊಂದನ್ನು ಹಿಡಿದು ಯಾರಾದರೊಬ್ಬ ಹಿರಿಯರು ಬಂದಾರು. ಅವರ ಅಕ್ಷರಗಳನ್ನು ಅವರಿಗೆ ಓದಿಸಿಕೊಟ್ಟರೆ, ಮುಂದಿನ ತಿಂಗಳು ಅವರು ಇನ್ನಿಬ್ಬರನ್ನು ಕರೆತಂದಾರು.