ಹಳೇ ಗಾಡಿ ಪುರಾಣ – 5: ಸುಳ್ಳು ಹೇಳೋ ಪೆಟ್ರೋಲ್ ಮುಳ್ಳು

1/3

ಮೊದಲನೇ ಫೋಟೊದಲ್ಲಿರೋ ಪೆಟ್ರೋಲ್ ಮೀಟರ್ ನೋಡಿ. ಕಾಲು ಟ್ಯಾಂಕ್ ಇದೆ ಅಂತ ತೋರಿಸ್ತಿದೆ. ಟ್ಯಾಂಕಲ್ಲಿ ಇದ್ದದ್ದು ಬರೀ ವಾಸನೆ. ಆ ಫೋಟೊ ತೆಗೆದದ್ದು ಇಂಗ್ಲೆಂಡಿನ ಎಂ40 ಮೋಟರ್‌ವೇ ಪಕ್ಕದಲ್ಲಿ, ತಡೆಬೇಲಿಯ ಆಚೆ ನಿಂತು ಟೋಯಿಂಗ್ ಗಾಡಿಗೆ ಕಾಯುವ ಮೊದಲು. ಲಾರಿಗಳು ಹೋಗೋ ರಭಸಕ್ಕೆ ನಿಂತ ಕಾರೇ ಅಲ್ಲಾಡ್ತಿತ್ತು.

ಕಾರು ನನ್ನದಲ್ಲ. ನಾನು ಬಾಡಿಗೆಗಿರೋ ಮನೆಯ ಓನರ್ ತಾತನದ್ದು. 1972ರ ಎಂಜಿಬಿ ರೋಡ್‌ಸ್ಟರ್. 1962ರಿಂದ 1980ರವರೆಗೆ ಆ್ಯಬಿಂಗ್ಡನ್ ಅನ್ನೋ ಸಣ್ಣ ಊರಲ್ಲಿ ತಯಾರಾದ, ಜಿಟಿ ಮಾದರಿಯೂ ಸೇರಿದರೆ 5 ಲಕ್ಷ ದಾಟಿದ ಗಾಡಿ ಇದು. ಆವತ್ತು ಟೋಯಿಂಗ್ ಗಾಡಿಯಲ್ಲಿ ವಾಪಸ್ ಬಂದ ಮೇಲೆ ತಾತ ಕಾರಿಗೆ ಹೊದಿಕೆ ಹಾಕಿ ಇಟ್ಟುಬಿಟ್ಟರು. ಅಕ್ಕನ ಮನೆಗೆ ಪ್ರತಿ ತಿಂಗಳು ಅದರಲ್ಲೇ ಹೋಗ್ತಿದ್ದವರು ಬಸ್ ಹಿಡಿಯೋಕೆ ಶುರು ಮಾಡಿದರು. ಮಾರಿಬಿಡ್ತೀನಿ ಅಂತ ಎರಡು ಸಲ ಹೇಳಿದರು. ಎಂಜಿನ್ ಗಟ್ಟಿ, ಬ್ರೇಕ್ ಗಟ್ಟಿ. ಒಂದು ಮುಳ್ಳಿನ ಮೇಲೆ ನಂಬಿಕೆ ಹೋಯ್ತು, ಅಷ್ಟೇ.

ನಮ್ಮ ಊರಲ್ಲಿ ಆರ್‌ಎಕ್ಸ್100 ಓಡಿಸಿದವರು ನಗಬಹುದು. ಅದಕ್ಕೆ ಪೆಟ್ರೋಲ್ ಮೀಟರೇ ಇರಲಿಲ್ಲ. ಗಾಡಿ ಅಲ್ಲಾಡಿಸಿ ಸದ್ದು ಕೇಳು, ನಿಂತರೆ ರಿಸರ್ವ್‌ಗೆ ತಿರುಗಿಸು. ಆದರೆ ಮೀಟರ್ ಇಲ್ಲದಿರೋದೇ ಬೇರೆ, ಸುಳ್ಳು ಹೇಳೋ ಮೀಟರ್ ಇರೋದೇ ಬೇರೆ. ಮೊದಲನೆಯದರಲ್ಲಿ ನೀವು ಹುಷಾರಾಗಿರ್ತೀರಿ.

2/3

ಈಗ ನನ್ನ ತಪ್ಪಿನ ಕಥೆ. ಡಿಪ್ಲೊಮಾ ಬ್ಯಾಚ್‌ನವರೇ, ಇದನ್ನ ಓದಿ ಗ್ರೂಪಲ್ಲಿ ಹಾಕಿ ಮರ್ಯಾದೆ ತೆಗೀಬೇಡಿ.

ಕೆಟ್ಟಿರೋದು ಸೆಂಡರ್ರೇ ಅಂತ ನಾನು ನೋಡದೆಯೇ ತೀರ್ಪು ಕೊಟ್ಟೆ. ಸೆಂಡರ್ ಅಂದ್ರೆ ಟ್ಯಾಂಕ್ ಒಳಗಿನ ಫ್ಲೋಟ್, ಅದರ ಕಡ್ಡಿ, ಕಡ್ಡಿಯ ತುದಿಗೆ ನಮ್ಮ ಲ್ಯಾಬಲ್ಲಿದ್ದ ರಿಯೋಸ್ಟಾಟ್‌ನ ಮರಿ. ಪೆಟ್ರೋಲ್ ಜಾಸ್ತಿ ಇದ್ದರೆ ರೆಸಿಸ್ಟೆನ್ಸ್ ಕಡಿಮೆ, ಖಾಲಿಯಾದರೆ ಜಾಸ್ತಿ. ಎಂಜಿಬಿಯಲ್ಲಿ ಇದು ಡಿಕ್ಕಿ ಕೆಳಗಿನ ಟ್ಯಾಂಕ್‌ನ ಪಕ್ಕದಲ್ಲಿರುತ್ತೆ, ಮೇಲಲ್ಲ. ಹಾಗಾಗಿ ಪೆಟ್ರೋಲ್ ಖಾಲಿ ಮಾಡದೆ ಬಿಚ್ಚಿದರೆ ಎಲ್ಲ ಮೈಮೇಲೆ. ಬ್ಯಾಟರಿ ಬಿಚ್ಚಿ, ಗಾಡಿ ಬಯಲಿಗೆ ತಂದು, ಬೀಗದ ಉಂಗುರವನ್ನ ಕಬ್ಬಿಣದ ಸುತ್ತಿಗೆ ಬಿಟ್ಟು ಹಿತ್ತಾಳೆ ಸರಳಿನಿಂದ ತಟ್ಟಿ ತಿರುಗಿಸಬೇಕು, ಕಿಡಿ ಹಾರಬಾರದಲ್ಲ. ಇಡೀ ಶನಿವಾರ ಹೋಯ್ತು. ಹೊಸ ಸೆಂಡರ್ ಹಾಕಿದ್ವಿ. ಮುಳ್ಳು ಆಗಲೂ ಹೆಚ್ಚೇ ತೋರಿಸ್ತು.

ಸುಳಿವು ಮೊದಲಿಂದಲೂ ಕಣ್ಣೆದುರೇ ಇತ್ತು. ಫುಲ್ ಟ್ಯಾಂಕ್ ಮಾಡಿದಾಗ ಮುಳ್ಳು 'ಎಫ್' ದಾಟಿ ಗೋಡೆಗೆ ಆನಿಕೊಳ್ತಿತ್ತು. ಎಂಜಿನ್ ಸ್ಟಾರ್ಟ್ ಆಗಿ ಸ್ವಲ್ಪ ಹೊತ್ತಿಗೆ ಇನ್ನಷ್ಟು ಮೇಲೇರ್ತಿತ್ತು. ಎಂಜಿನ್ ಶುರುವಾದರೆ ಪೆಟ್ರೋಲ್ ಹೆಚ್ಚಾಗುತ್ತಾ? ಹೆಚ್ಚಾಗೋದು ವೋಲ್ಟೇಜ್.

ಈ ಮೀಟರ್ ಒಳಗೆ ಎರಡು ಲೋಹ ಅಂಟಿಸಿದ ಪಟ್ಟಿ ಇದೆ, ಅದಕ್ಕೆ ಸುತ್ತಿದ ತಂತಿ ಕಾದಷ್ಟೂ ಪಟ್ಟಿ ಬಾಗುತ್ತೆ, ಮುಳ್ಳು ಏರುತ್ತೆ. ಬಿಸಿಯಾಗೋಕೆ ಹೊತ್ತು ಬೇಕು, ಹಾಗಾಗಿ ಕೀ ತಿರುಗಿಸಿದಾಗ ಮುಳ್ಳು ನಿಧಾನಕ್ಕೆ ಮೇಲೇಳೋದು ಕಾಯಿಲೆಯಲ್ಲ, ಅದರ ಸ್ವಭಾವ. ಇಂಥ ಮೀಟರ್‌ಗೆ ಸ್ಥಿರವಾದ ಪೂರೈಕೆ ಬೇಕು. ಅದಕ್ಕಾಗಿ ಡ್ಯಾಶ್‌ಬೋರ್ಡ್ ಹಿಂದೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದೊಂದು ಡಬ್ಬಿ: ವೋಲ್ಟೇಜ್ ಸ್ಟೆಬಿಲೈಸರ್. ಅದರೊಳಗೂ ಅದೇ ಬಗೆಯ ಪಟ್ಟಿ. ಕಾದರೆ ಸಂಪರ್ಕ ಬಿಡುತ್ತೆ, ಆರಿದರೆ ಕೂಡುತ್ತೆ. ಹೀಗೆ ಹೊತ್ತಿ ಆರಿ ಸರಾಸರಿ 10 ವೋಲ್ಟ್ ಕೊಡುತ್ತೆ. ಪಟ್ಟಿ ಕಾಯಬೇಕಾದರೆ ಡಬ್ಬಿಗೆ ಬಾಡಿ ಅರ್ತಿಂಗ್ ಇರಲೇಬೇಕು. ಅರ್ತಿಂಗ್ ಹೋದರೆ ಪಟ್ಟಿ ಕಾಯೋದೇ ಇಲ್ಲ, ಸಂಪರ್ಕ ಕೂಡೇ ಇರುತ್ತೆ, ಬ್ಯಾಟರಿಯ ಪೂರ್ತಿ ವೋಲ್ಟೇಜ್ ಮೀಟರ್‌ಗೆ ಹೋಗುತ್ತೆ. ಮುಳ್ಳು ಇದ್ದದ್ದಕ್ಕಿಂತ ಮೇಲೆ.

ಮುಳ್ಳಿನ ಮೀಟರ್ ಇದ್ದ ಹಳೇ ಮಲ್ಟಿಮೀಟರ್ ತಂದು ಸ್ಟೆಬಿಲೈಸರ್‌ನ 'ಐ' ಟರ್ಮಿನಲ್‌ಗೆ ಇಟ್ಟೆ. ಸರಿಯಿದ್ದರೆ ಅದು 0ಗೂ 12ಕ್ಕೂ ನಡುವೆ ಕುಣೀಬೇಕು. ಕುಣೀಲಿಲ್ಲ. 12ರ ಮೇಲೆ ನಿಂತುಬಿಡ್ತು. ಡಬ್ಬಿ ಹಿಡಿದಿದ್ದ ಒಂದೇ ಒಂದು ಸ್ಕ್ರೂ ಬಿಚ್ಚಿದೆ. ಯಾವ ಕಾಲದಲ್ಲೋ ಯಾರೋ ಪೇಂಟ್ ಹೊಡೆದು, ಪೇಂಟ್ ಮೇಲೇ ಕೂರಿಸಿದ್ದರು. ಮೇಲಿಂದ ತುಕ್ಕು. ಎಮರಿ ಪೇಪರಲ್ಲಿ ಉಜ್ಜಿ ಲೋಹ ಕಾಣೋ ಹಾಗೆ ಮಾಡಿ ವಾಪಸ್ ಬಿಗಿದೆ. ಹತ್ತು ನಿಮಿಷ. ಮಲ್ಟಿಮೀಟರ್ ಕುಣಿಯೋಕೆ ಶುರು ಮಾಡ್ತು.

3/3

ನನ್ನ ಅಭಿಪ್ರಾಯ ಇಷ್ಟು, ಒಪ್ಪದೋರು ಕಾಮೆಂಟಲ್ಲಿ ಬೈರಿ: ಅಳೆಯದೆ ಪಾರ್ಟ್ ಬದಲಿಸೋದು ರಿಪೇರಿ ಅಲ್ಲ, ಲಾಟರಿ. ನಾವು ಕಲಿತದ್ದು ಓಮ್‌ನ ನಿಯಮ, ಕೆಲಸಕ್ಕೆ ಇಳಿದರೆ ಮಾಡೋದು "ಹೊಸದು ಹಾಕಿ ನೋಡೋಣ". ಹೊಸದು ಸಿಗೋವರೆಗೆ ಇದು ನಡೆಯುತ್ತೆ. 50 ವರ್ಷದ ಗಾಡಿಯಲ್ಲಿ ಬಿಚ್ಚಿದ ಪ್ರತಿ ವಸ್ತುವೂ ಮುರಿಯೋ ಸಾಧ್ಯತೆ ಇದೆ, ತಂದ ಪ್ರತಿ ಹೊಸ ವಸ್ತುವೂ ಸರಿಹೊಂದದಿರೋ ಸಾಧ್ಯತೆ ಇದೆ.

ಕಳೆದ ಪೋಸ್ಟಿಗೆ ಒಬ್ಬರು "ಎಲೆಕ್ಟ್ರಾನಿಕ್ ಸ್ಟೆಬಿಲೈಸರ್ ಹಾಕ್ಬಿಡು ಮಗಾ" ಅಂದಿದ್ದರು. ಹಾಕಬಹುದು, ಒಳ್ಳೇದೇ. ಆದರೆ ಆ ಪೇಂಟ್ ಮೇಲೇ ಕೂರಿಸಿದ್ದರೆ ಅದೂ ಕೆಲಸ ಮಾಡ್ತಿರಲಿಲ್ಲ, ಅದಕ್ಕೂ ಅರ್ತಿಂಗ್ ಬೇಕೇ ಬೇಕು. ಹಳೇ ಬ್ರಿಟಿಷ್ ಗಾಡಿಯ ವಿದ್ಯುತ್ ತೊಂದರೆಗೆಲ್ಲ ಲ್ಯೂಕಸ್ ಕಂಪನಿಯನ್ನ 'ಕತ್ತಲೆಯ ರಾಜಕುಮಾರ' ಅಂತ ಆಡಿಕೊಳ್ಳೋದು ಇಲ್ಲಿ ಹಳೇ ಜೋಕು. ಜೋಕಿಗೆ ನಾನೂ ನಗ್ತೀನಿ. ತುಕ್ಕು ಹಿಡಿದ ಸ್ಕ್ರೂ ಮಾತ್ರ ನಮ್ಮದು, ಕಂಪನಿಯದಲ್ಲ.

ನಿಮ್ಮ ಕೈಗೆ ಇಂಥ ಗಾಡಿ ಸಿಕ್ಕರೆ, ಟ್ಯಾಂಕ್ ಮುಟ್ಟೋ ಮುಂಚೆ ಡ್ಯಾಶ್ ಹಿಂದೆ ನೋಡಿ. ಮುಳ್ಳು ಯಾವಾಗಲೂ ಹೆಚ್ಚು ತೋರಿಸಿದರೆ ಮೊದಲ ಅನುಮಾನ ಸ್ಟೆಬಿಲೈಸರ್ ಮೇಲಿರಲಿ. ಯಾವಾಗಲೂ ಕಡಿಮೆ ತೋರಿಸಿದರೆ ಸೆಂಡರ್‌ನ ಕಪ್ಪು ಅರ್ತಿಂಗ್ ವೈರ್ ನೋಡಿ, ಆಮೇಲೆ ಫ್ಲೋಟ್ ತೂತಾಗಿ ಮುಳುಗಿದೆಯಾ ಅಂತ. ಟ್ರಯಂಫ್ ಸ್ಪಿಟ್‌ಫೈರ್ 1500 ಥರದ ಗಾಡಿಯಲ್ಲಿ ಇನ್ನೂ ಸುಲಭ: ಟೆಂಪರೇಚರ್ ಮೀಟರ್‌ಗೂ ಅದೇ ಸ್ಟೆಬಿಲೈಸರ್, ಎರಡೂ ಒಟ್ಟಿಗೆ ಸುಳ್ಳು ಹೇಳಿದರೆ ಕಳ್ಳ ಯಾರು ಅಂತ ಗೊತ್ತಾಯ್ತಲ್ಲ. ಹಸಿರಿನ ಮೇಲೆ ಕಪ್ಪು ಗೆರೆ ಇರೋ ಸೆಂಡರ್ ವೈರನ್ನ ಬಾಡಿಗೆ ಮುಟ್ಟಿಸಿ ನೋಡೋ ಪರೀಕ್ಷೆ ಎಲ್ಲರೂ ಹೇಳ್ತಾರೆ. ಮಾಡಿ, ಆದರೆ ಟ್ಯಾಂಕ್ ಬಾಯಿಂದ ದೂರ, ಮುಳ್ಳು ಏಳ್ತಿದ್ದಂಗೆ ತೆಗೀರಿ. ಹಾಗೇ ಹಿಡಿದಿದ್ದರೆ ಮೀಟರ್ ಸುಟ್ಟುಹೋಗಬಹುದು.

ಇನ್ನು ಆ ಹೊಸ ಸೆಂಡರ್. ಸ್ಟೆಬಿಲೈಸರ್ ಸರಿಯಾದ ಮೇಲೆ ಅದರ ಬಣ್ಣ ಬಯಲಾಯ್ತು: ತುಂಬಿದ ಟ್ಯಾಂಕಿಗೆ ಮುಕ್ಕಾಲು ಅಂತಷ್ಟೇ ತೋರಿಸ್ತು. ಮುಂದಿನ ಶನಿವಾರ ಮತ್ತೆ ಪೆಟ್ರೋಲ್ ಖಾಲಿ ಮಾಡಿ, ಮತ್ತೆ ಉಂಗುರ ತಟ್ಟಿ, ಹಳೇದನ್ನೇ ವಾಪಸ್ ಹಾಕಿದ್ವಿ. ಆಮೇಲೆ 5 ಲೀಟರಿನ ಕ್ಯಾನ್ ಹಿಡಿದು ಒಂದೊಂದೇ ಸುರಿದು, ಪ್ರತಿ ಸಲ ಮುಳ್ಳು ಎಲ್ಲಿ ನಿಲ್ಲುತ್ತೆ ಅಂತ ತಾತ ಒಂದು ರಟ್ಟಿನ ಮೇಲೆ ಪೆನ್ಸಿಲಲ್ಲಿ ಗೆರೆ ಹಾಕಿದರು. ಕೊನೇ ಫೋಟೊ ಅದೇ ರಟ್ಟು. ಗ್ಲವ್‌ಬಾಕ್ಸಲ್ಲಿದೆ. ನಿನ್ನೆ ಅದನ್ನ ನೋಡಿಕೊಂಡೇ ಅಕ್ಕನ ಮನೆಗೆ ಹೋಗಿಬಂದರು.

ಹೊಸ ಸೆಂಡರ್ ನನ್ನ ಮೇಜಿನ ಮೇಲೆ ಪೇಪರ್‌ವೇಟ್ ಆಗಿದೆ. ದುಡ್ಡು ನಾನೇ ಕೊಟ್ಟೆ.